ಜಠರದ ಕ್ಯಾನ್ಸರ್‌ಗೆ ‘ಸ್ಟೆಮ್ ಸೆಲ್ ಮಾರ್ಕರ್’ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಕೆಲವು ತಿಂಗಳ ಹಿಂದೆ ಜಠರದ ಕ್ಯಾನ್ಸರ್ ಅಂತ ಗೊತ್ತಾಯಿತು. ಮೊದಲು ಕೀಮೋ ಕೊಟ್ಟು, ಆಮೇಲೆ ಆಪರೇಷನ್ ಮಾಡಿ ಜಠರದ ಮುಕ್ಕಾಲು ಭಾಗ ತೆಗೆದಿದ್ದಾರೆ. ಈಗ ಮತ್ತೆ ಕೀಮೋ ನಡೆಯುತ್ತಿದೆ. ಸಂಬಂಧಿಕರೊಬ್ಬರು, “ಕ್ಯಾನ್ಸರ್ ಸ್ಟೆಮ್ ಸೆಲ್ ಉಳಿದಿದ್ದರೆ ಮತ್ತೆ ಬರುತ್ತೆ. ಸಿಡಿ44, ಸಿಡಿ133, ಎಲ್‌ಜಿಆರ್5 ಮಾರ್ಕರ್ ಟೆಸ್ಟ್ ಮಾಡಿಸಿ” ಅಂದರು. ಲ್ಯಾಬ್ ಒಂದರಲ್ಲಿ ವಿಚಾರಿಸಿದೆವು, ತುಂಬಾ ದುಬಾರಿ. ಇನ್ನೊಬ್ಬರು “ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಿ” ಅಂತಾರೆ. ಎರಡೂ ಒಂದೇನಾ? ಟೆಸ್ಟ್ ಮಾಡಿಸಬೇಕಾ? ನಾನು, ನನ್ನ ತಮ್ಮ ಏನಾದರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾ?

ಉತ್ತರ: ಆ ಟೆಸ್ಟ್ ಮಾಡಿಸಬೇಡಿ. ಅದರ ಫಲಿತಾಂಶ ಏನೇ ಬಂದರೂ ನಿಮ್ಮ ತಂದೆಯವರ ಚಿಕಿತ್ಸೆಯಲ್ಲಿ ಒಂದು ಮಾತ್ರೆಯೂ ಬದಲಾಗುವುದಿಲ್ಲ. ಸ್ಟೆಮ್ ಸೆಲ್ ಚಿಕಿತ್ಸೆ ಅನ್ನುವುದು ಪೂರ್ತಿ ಬೇರೆ ವಿಷಯ, ಅದರ ಹತ್ತಿರ ಹೋಗಲೇಬೇಡಿ. ಆದರೆ ನೀವು ಕೊನೆಗೆ ಕೇಳಿದ್ದೀರಲ್ಲ, ನಿಮಗೂ ತಮ್ಮನಿಗೂ ಪರೀಕ್ಷೆ ಬೇಕಾ ಅಂತ, ಅದಕ್ಕೆ ನನ್ನ ಉತ್ತರ ಹೌದು.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಸಂಬಂಧಿಕರಿಗೆ ಅನ್ಯಾಯವಾಗುತ್ತದೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧ ನಿಜದ ಹಿಂದೆ ಮೂವತ್ತು ವರ್ಷಗಳ ಕೆಲಸ ಇದೆ. ನಾನು ಪೆಥಾಲಜಿಸ್ಟ್. ಬಯಾಪ್ಸಿ ತುಂಡುಗಳನ್ನು ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗೆ ನೋಡುವುದೇ ನನ್ನ ದಿನದ ಕೆಲಸ. ಈ ಮಾರ್ಕರ್‌ಗಳ ಬಗ್ಗೆ ನನಗೆ ತುಂಬಾ ಆಸೆ ಇತ್ತು, ಈಗಲೂ ಇದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊಲದಲ್ಲಿ ಜೇಕು ಕಿತ್ತವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಮೇಲಿನ ಹುಲ್ಲನ್ನು ಎಷ್ಟು ಸಲ ಕೊಯ್ದರೂ ನೆಲದೊಳಗೆ ಗೆಡ್ಡೆ ಉಳಿದರೆ ಕೆಲವೇ ದಿನಕ್ಕೆ ಮತ್ತೆ ಚಿಗುರು. ಕ್ಯಾನ್ಸರ್ ಸ್ಟೆಮ್ ಸೆಲ್ ಅನ್ನುವ ಯೋಚನೆಯೂ ಇದೇ. ಒಂದು ಟ್ಯೂಮರ್‌ನಲ್ಲಿ, ಅಂದರೆ ಕ್ಯಾನ್ಸರ್ ಗಂಟಿನಲ್ಲಿ, ಕೋಟಿಗಟ್ಟಲೆ ಜೀವಕೋಶ ಇರುತ್ತವೆ. ಎಲ್ಲದಕ್ಕೂ ಹೊಸ ಟ್ಯೂಮರ್ ಹುಟ್ಟಿಸುವ ತಾಕತ್ತು ಇರುವುದಿಲ್ಲ. ಸ್ವಲ್ಪಕ್ಕೆ ಮಾತ್ರ ಇರುತ್ತದೆ. ಅವು ತಮ್ಮಂಥವನ್ನೇ ಮತ್ತೆ ಹುಟ್ಟಿಸಬಲ್ಲವು, ಬೇರೆ ಬಗೆಯ ಜೀವಕೋಶಗಳನ್ನೂ ಹುಟ್ಟಿಸಬಲ್ಲವು. ಕೀಮೋ ಹುಲ್ಲನ್ನು ಒಣಗಿಸುತ್ತದೆ, ಗೆಡ್ಡೆ ಉಳಿಯುತ್ತದೆ ಅನ್ನುವ ಭಯ ಬಂದಿದ್ದು ಇಲ್ಲಿಂದ.

1994ರಲ್ಲಿ ಟೊರೊಂಟೊದ ಜಾನ್ ಡಿಕ್ ಅವರ ತಂಡ ರಕ್ತ ಕ್ಯಾನ್ಸರ್‌ನಲ್ಲಿ ಇದನ್ನು ತೋರಿಸಿತು. ರೋಗಿಯ ರಕ್ತದ ಜೀವಕೋಶಗಳನ್ನು ಬೇರೆ ಬೇರೆ ಗುಂಪು ಮಾಡಿ, ರೋಗನಿರೋಧಕ ಶಕ್ತಿ ಕಡಿಮೆ ಇರುವ ಇಲಿಗಳಿಗೆ ಹಾಕಿದರು. ಒಂದು ಚಿಕ್ಕ ಗುಂಪು ಮಾತ್ರ ಇಲಿಯಲ್ಲಿ ಮತ್ತೆ ಅದೇ ರೋಗ ತಂದಿತು. 2003ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಸ್ತನ ಕ್ಯಾನ್ಸರ್ ಮೇಲೆ ಇದೇ ಪ್ರಯೋಗ ಆಯಿತು. ಸಿಡಿ44 ಜಾಸ್ತಿ, ಸಿಡಿ24 ಕಡಿಮೆ ಇರುವ ಬರೀ 100 ಜೀವಕೋಶ ಸಾಕಾಯಿತು ಟ್ಯೂಮರ್ ಬೆಳೆಯಲು. ಉಳಿದ ಬಗೆಯವನ್ನು ಹತ್ತಾರು ಸಾವಿರ ಹಾಕಿದರೂ ಬೆಳೆಯಲಿಲ್ಲ. ಆ ಸುದ್ದಿ ಓದಿದಾಗ ನಮ್ಮಂಥವರಿಗೆ ಆದ ಪುಳಕ ಈಗಲೂ ನೆನಪಿದೆ.

ಇನ್ನು ಮಾರ್ಕರ್ ಅಂದರೇನು? ಜೀವಕೋಶದ ಹೊರಮೈ ಮೇಲೆ ನೂರಾರು ಬಗೆಯ ಪ್ರೋಟೀನ್‌ಗಳು ಅಂಟಿಕೊಂಡಿರುತ್ತವೆ. ಸಿಡಿ ಅನ್ನುವುದು ಅವುಗಳಿಗೆ ಕೊಟ್ಟ ನಂಬರ್‌ಗಳ ಸಾಲು, ಅಷ್ಟೇ. ಜಾತ್ರೆಯಲ್ಲಿ ನಮ್ಮ ಮಾವನನ್ನು ಹುಡುಕಬೇಕು ಅಂದುಕೊಳ್ಳಿ. “ಹೆಗಲ ಮೇಲೆ ಹಸಿರು ಶಾಲು ಇರುತ್ತೆ ನೋಡು” ಅಂತ ಹೇಳಿ ಕಳಿಸುತ್ತೇವೆ. ಶಾಲು ಗುರುತಿಗೆ ಒಳ್ಳೆಯದೇ. ಆದರೆ ಆ ಜಾತ್ರೆಯಲ್ಲಿ ಹಸಿರು ಶಾಲು ಹಾಕಿದವರು ಇನ್ನೂ ಎಷ್ಟೋ ಜನ. ಮಾವ ಸೆಕೆ ಅಂತ ಶಾಲು ತೆಗೆದು ಚೀಲದಲ್ಲಿ ಇಟ್ಟರೂ ಇಟ್ಟರು. ಸಿಡಿ44 ಅಂಥ ಶಾಲು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜಠರದ ಕ್ಯಾನ್ಸರ್‌ಗೆ ಈ ಕಥೆ ಬಂದಿದ್ದು 2009ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಿಮೋತಿ ವಾಂಗ್ ಅವರ ಲ್ಯಾಬ್, ಮನುಷ್ಯರ ಜಠರ ಕ್ಯಾನ್ಸರ್‌ನಿಂದ ಬೆಳೆಸಿದ ಜೀವಕೋಶಗಳನ್ನು ತೆಗೆದುಕೊಂಡು ಸಿಡಿ44 ಇರುವವು, ಇಲ್ಲದವು ಅಂತ ವಿಂಗಡಿಸಿತು. ಇರುವವು ಡಿಶ್‌ನಲ್ಲಿ ಉಂಡೆ ಉಂಡೆಯಾಗಿ ಬೆಳೆದವು. ಇಲಿಯ ಜಠರಕ್ಕೆ, ಚರ್ಮಕ್ಕೆ ಹಾಕಿದಾಗ ಟ್ಯೂಮರ್ ಆಯಿತು. ಇಲ್ಲದವುಗಳಿಗೆ ಆ ಶಕ್ತಿ ತುಂಬಾ ಕಡಿಮೆ ಇತ್ತು. ಸಿಡಿ44 ಇರುವವು ಕೀಮೋ, ರೇಡಿಯೇಷನ್ ಎರಡನ್ನೂ ಜಾಸ್ತಿ ತಡೆದುಕೊಂಡವು. ನಿಮ್ಮ ಪಟ್ಟಿಯಲ್ಲಿರುವ ಸಿಡಿ133 ಅನ್ನೂ ಅದೇ ತಂಡ ಪರೀಕ್ಷಿಸಿತ್ತು. ಟ್ಯೂಮರ್ ಹುಟ್ಟಿಸುವ ಶಕ್ತಿಗೂ ಅದಕ್ಕೂ ಯಾವ ನಂಟೂ ಕಾಣಲಿಲ್ಲ. ಮಿದುಳಿನ ಮತ್ತು ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ ಸಿಡಿ133ಕ್ಕೆ ಹೆಸರು ಬಂದಿತ್ತು, ಆ ಹೆಸರೇ ಜಠರದ ಪಟ್ಟಿಗೂ ಬಂದು ಸೇರಿಕೊಂಡಿತು ಅಂತ ನನಗೆ ಅನ್ನಿಸುತ್ತದೆ.

ಎಲ್‌ಜಿಆರ್5 ದಾರಿ ಬೇರೆ. ಅದು ಮೊದಲು ಸಿಕ್ಕಿದ್ದು ಕ್ಯಾನ್ಸರ್‌ನಲ್ಲಿ ಅಲ್ಲ, ಆರೋಗ್ಯವಾಗಿರುವ ಕರುಳಿನಲ್ಲಿ. ನಮ್ಮ ಕರುಳು, ಜಠರದ ಒಳಪದರ ದಿನದಿನ ಸವೆದು ಹೊಸದಾಗುತ್ತಲೇ ಇರುತ್ತದೆ. ಹಾಗೆ ಹೊಸದು ಮಾಡುವ ಒಳ್ಳೆಯ ಸ್ಟೆಮ್ ಸೆಲ್‌ಗಳ ಗುರುತು ಎಲ್‌ಜಿಆರ್5 ಅಂತ ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಮತ್ತು ನಿಕ್ ಬಾರ್ಕರ್ ಅವರು 2007ರಲ್ಲಿ ಕರುಳಿನಲ್ಲಿ, 2010ರಲ್ಲಿ ಜಠರದ ಕೆಳತುದಿಯಲ್ಲಿ ತೋರಿಸಿದರು. ಬಾರ್ಕರ್ ಅವರ ಸಿಂಗಪುರದ ತಂಡ 2020ರಲ್ಲಿ ಎಕ್ಯೂಪಿ5 ಅನ್ನುವ ಇನ್ನೊಂದು ಗುರುತು ಕೊಟ್ಟಿತು. ಇಲಿಗಳಲ್ಲಿ ಜಠರದ ಕೆಳಭಾಗದ ಕ್ಯಾನ್ಸರ್ ಆ ಗುರುತಿನ ಜೀವಕೋಶಗಳಿಂದ ಹುಟ್ಟಬಲ್ಲದು ಅಂತಲೂ ಕಂಡಿತು. ಅಂದರೆ ಇವು ಮೊದಲಿಗೆ ಒಳ್ಳೆಯ ಜೀವಕೋಶಗಳ ಗುರುತು. ರಿಪೋರ್ಟಿನಲ್ಲಿ ‘ಎಲ್‌ಜಿಆರ್5 ಪಾಸಿಟಿವ್’ ಅಂತ ಬಂದ ಮಾತ್ರಕ್ಕೆ ಹೆದರಬೇಕಾಗಿಲ್ಲ.

ಮತ್ತೆ ಸಿಡಿ44ಗೆ ಬರೋಣ. ಇಡೀ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಸಿಡಿ44 ಜೀನ್ ಒಂದೇ. ಆದರೆ ಅದರ ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಜೀವಕೋಶ ಹಲವು ರೂಪದ ಪ್ರೋಟೀನ್ ಮಾಡಿಕೊಳ್ಳುತ್ತದೆ. ಒಂದೇ ಥಾನಿನ ಬಟ್ಟೆಯಲ್ಲಿ ಬೇರೆ ಬೇರೆ ಅಂಗಿ ಹೊಲಿದಂತೆ. ಅದರಲ್ಲಿ ಸಿಡಿ44ವಿ9 ಅನ್ನುವ ರೂಪ ಜಠರದಲ್ಲಿ ಮುಖ್ಯ. 2011ರಲ್ಲಿ ಟೋಕಿಯೊದ ಕೇಯೊ ವಿಶ್ವವಿದ್ಯಾಲಯದ ಹಿದೆಯುಕಿ ಸಾಯಾ ಅವರ ತಂಡ, ಈ ರೂಪ ಬರೀ ಗುರುತಲ್ಲ, ಅದಕ್ಕೆ ಒಂದು ಕೆಲಸವೂ ಇದೆ ಅಂತ ತೋರಿಸಿತು. ಜೀವಕೋಶದ ಗೋಡೆಯಲ್ಲಿ ಸಿಸ್ಟೀನ್ ಅನ್ನುವ ಅಮೈನೋ ಆಮ್ಲವನ್ನು ಒಳಗೆ ಬಿಡುವ ಒಂದು ಬಾಗಿಲಿದೆ. ಸಿಡಿ44ವಿ9 ಆ ಬಾಗಿಲು ಕಳಚಿಹೋಗದಂತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸಿಸ್ಟೀನ್ ಒಳಗೆ ಬಂದರೆ ಗ್ಲುಟಥಯೋನ್ ತಯಾರಾಗುತ್ತದೆ. ಜೀವಕೋಶಕ್ಕೆ ಒಳಗಿನಿಂದ ತುಕ್ಕು ಹಿಡಿಯದಂತೆ ಕಾಯುವ ವಸ್ತು ಅದು. ಕೀಮೋ, ಉರಿಯೂತ ಇವೆಲ್ಲ ಆ ತುಕ್ಕನ್ನೇ ಜಾಸ್ತಿ ಮಾಡಿ ಜೀವಕೋಶವನ್ನು ಕೊಲ್ಲುತ್ತವೆ. ಗ್ಲುಟಥಯೋನ್ ತುಂಬಿಕೊಂಡ ಜೀವಕೋಶ ಉಳಿದುಕೊಳ್ಳುತ್ತದೆ.

ಮುಂದಿನ ವರ್ಷವೇ, 2012ರಲ್ಲಿ, ಕೇಯೊದ ವಿಜ್ಞಾನಿಗಳೇ ಇದನ್ನು ಹೆಲಿಕೋಬ್ಯಾಕ್ಟರ್ ಪೈಲೋರಿಗೆ ಜೋಡಿಸಿದರು. ಜಠರದಲ್ಲಿ ಬೀಡುಬಿಟ್ಟು ಹುಣ್ಣು ಮಾಡುವ ಬ್ಯಾಕ್ಟೀರಿಯ ಅದು. ಅದನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಅದನ್ನು ಕ್ಯಾನ್ಸರ್‌ಕಾರಕ ಅಂತ ಸಾರಿತ್ತು. ಈ ಬ್ಯಾಕ್ಟೀರಿಯ ತನ್ನ ಕ್ಯಾಗ್‌ಎ ಅನ್ನುವ ಪ್ರೋಟೀನನ್ನು ಸೂಜಿಯಲ್ಲಿ ಚುಚ್ಚಿದಂತೆ ಜಠರದ ಜೀವಕೋಶದೊಳಗೆ ಬಿಡುತ್ತದೆ. ಸಾಮಾನ್ಯ ಜೀವಕೋಶ ಅದನ್ನು ಬೇಗ ಅರಗಿಸಿ ಹಾಕುತ್ತದೆ. ಆದರೆ ಸಿಡಿ44ವಿ9 ಇರುವ ಜೀವಕೋಶಗಳಲ್ಲಿ ಆ ಅರಗಿಸುವ ಕೆಲಸ ಶುರುವಾಗುವುದೇ ಇಲ್ಲ, ವಿಷ ಒಳಗೇ ಶೇಖರವಾಗುತ್ತದೆ. ತನ್ನನ್ನು ಕಾಯುವ ಗ್ಲುಟಥಯೋನೇ ವಿಷ ಒಳಗೆ ಕೂರಲು ಜಾಗ ಮಾಡಿಕೊಡುತ್ತದೆ. ವರ್ಷಗಟ್ಟಲೆ ಉರಿಯೂತ ಇದ್ದ ಜಠರದಲ್ಲಿ ಕ್ಯಾನ್ಸರ್ ಯಾಕೆ ಹುಟ್ಟುತ್ತದೆ ಅನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಚಿತ್ರ ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಹಾಗಿದ್ದರೆ ಔಷಧಿ? ಆ ಸಿಸ್ಟೀನ್ ಬಾಗಿಲನ್ನು ಮುಚ್ಚುವ ಹಳೆಯ ಮಾತ್ರೆಯೊಂದು ಇದೆ, ಸಲ್ಫಾಸಲಜೀನ್. ಸಂಧಿವಾತಕ್ಕೆ, ಕರುಳಿನ ಹುಣ್ಣಿಗೆ ಎಷ್ಟೋ ವರ್ಷಗಳಿಂದ ಕೊಡುತ್ತಿದ್ದೇವೆ. ಜಪಾನಿನಲ್ಲಿ ಜಠರದ ಕ್ಯಾನ್ಸರ್ ಮುಂದುವರಿದ ಕೆಲವೇ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು, 2017ರಲ್ಲಿ ಫಲಿತಾಂಶ ಬಂತು. ಕೆಲವರ ಟ್ಯೂಮರ್‌ನಲ್ಲಿ ಸಿಡಿ44ವಿ9 ಇರುವ ಜೀವಕೋಶಗಳು ಕಡಿಮೆಯಾದವು. ಆದರೆ ಅದು ಎಷ್ಟು ಡೋಸ್ ತಡೆದುಕೊಳ್ಳಬಹುದು ಅಂತ ನೋಡುವ ಮೊದಲ ಹಂತದ ಪ್ರಯೋಗ. ಆಯಸ್ಸು ಹೆಚ್ಚಾಗುತ್ತದೆ ಅಂತ ಅದರಿಂದ ಸಾಬೀತಾಗಿಲ್ಲ. ದಯವಿಟ್ಟು ಇದನ್ನು ಓದಿ ಮೆಡಿಕಲ್ ಶಾಪಿನಿಂದ ಆ ಮಾತ್ರೆ ತಂದು ಕೊಡಬೇಡಿ. ಕೀಮೋ ನಡೆಯುವಾಗ ರಕ್ತಕಣಗಳು ಮೊದಲೇ ಕುಗ್ಗಿರುತ್ತವೆ. ಈ ಮಾತ್ರೆಯೂ ಅವುಗಳನ್ನು ಇನ್ನಷ್ಟು ಇಳಿಸಬಲ್ಲದು.

ಈಗ ಹಸಿರು ಶಾಲಿನ ಮಾತು. ಸಿಡಿ44 ಬರೀ ಕ್ಯಾನ್ಸರ್ ಹಾಕಿಕೊಳ್ಳುವ ಶಾಲಲ್ಲ. ನಿಮ್ಮ ಬಿಳಿ ರಕ್ತಕಣಗಳ ಮೇಲೆ, ಚರ್ಮದ ಮೇಲೆ, ಮೈಯೆಲ್ಲ ಇದೆ. ನಾನು ಸ್ಲೈಡಿಗೆ ಸಿಡಿ44 ಬಣ್ಣ ಹಾಕಿದರೆ ಕ್ಯಾನ್ಸರ್‌ನ ಅಂಚಿನ ಜೀವಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಅದರ ಪಕ್ಕದಲ್ಲಿ ಕ್ಯಾನ್ಸರ್ ವಿರುದ್ಧ ಹೋರಾಡಲು ಬಂದು ನಿಂತ ಬಿಳಿ ರಕ್ತಕಣಗಳೂ ಅದೇ ಕಂದು ಬಣ್ಣಕ್ಕೆ ತಿರುಗುತ್ತವೆ. ಬರೀ ಬಣ್ಣ ಎಣಿಸಿ ರಿಪೋರ್ಟ್ ಕೊಟ್ಟರೆ ಇವೆರಡೂ ಒಂದಾಗಿಬಿಡುತ್ತವೆ. ಶಾಲು ನೋಡಿ ಹೊಡೆಯಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ದುಃಖದ ಉದಾಹರಣೆಯೂ ಇದೆ. ಸಿಡಿ44ವಿ6 ಅನ್ನುವ ರೂಪವನ್ನು ಗುರಿಯಾಗಿಸಿದ ಬೈವಾಟುಜುಮ್ಯಾಬ್ ಮರ್ಟಾನ್ಸಿನ್ ಅನ್ನುವ ಔಷಧಿಯನ್ನು ತಲೆ-ಕತ್ತಿನ ಕ್ಯಾನ್ಸರ್‌ನಲ್ಲಿ ಪ್ರಯೋಗ ಮಾಡಿದರು. ಅದೇ ಗುರುತು ಚರ್ಮದಲ್ಲೂ ಇತ್ತು. ಒಬ್ಬ ರೋಗಿಯ ಚರ್ಮ ಸುಟ್ಟಂತೆ ಕಳಚಿ, ಪ್ರಾಣವೇ ಹೋಯಿತು. ಆ ಔಷಧಿಯನ್ನು ಅಲ್ಲಿಗೇ ಕೈಬಿಟ್ಟರು.

ಎರಡನೆಯ ತೊಂದರೆ, ಪ್ರಯೋಗ ಎಲ್ಲಿ ಮಾಡಿದರು ಅನ್ನುವುದು. ಕೊಲಂಬಿಯಾದವರು ಕೆಲಸ ಮಾಡಿದ್ದು ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಬೆಳೆಸಿದ ಜೀವಕೋಶಗಳ ಮೇಲೆ. 2012ರಲ್ಲಿ ಇಟಲಿಯ ತಂಡವೊಂದು ಆಪರೇಷನ್‌ನಲ್ಲಿ ತೆಗೆದ ಜಠರದ ಟ್ಯೂಮರ್‌ಗಳಿಂದಲೇ ಸಿಡಿ44, ಸಿಡಿ133 ಇರುವ ಜೀವಕೋಶಗಳನ್ನು ಬೇರೆ ಮಾಡಿ ನೋಡಿತು. ಅವು ಸ್ಟೆಮ್ ಸೆಲ್ ಥರ ನಡೆದುಕೊಳ್ಳಲಿಲ್ಲ. ಇಲಿಯನ್ನೂ ಮರೆಯುವ ಹಾಗಿಲ್ಲ. 2008ರಲ್ಲಿ ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಮೇಲೆ ಮಿಶಿಗನ್‌ನ ಶಾನ್ ಮಾರಿಸನ್ ಅವರ ತಂಡ ರೋಗನಿರೋಧಕ ಶಕ್ತಿ ಇನ್ನೂ ಕಡಿಮೆ ಇರುವ ಇಲಿ ಬಳಸಿತು. ಲಕ್ಷಗಟ್ಟಲೆ ಜೀವಕೋಶಗಳಲ್ಲಿ ಒಂದಕ್ಕೆ ಮಾತ್ರ ಟ್ಯೂಮರ್ ಮಾಡುವ ಶಕ್ತಿ ಇದೆ ಅಂತ ನಂಬಿದ್ದ ಕಡೆ, ನಾಲ್ಕರಲ್ಲಿ ಒಂದಕ್ಕೆ ಇದೆ ಅಂತ ಕಂಡಿತು. ನಾವು ಗೆಡ್ಡೆಗಳ ಲೆಕ್ಕ ಹಾಕುವ ನೆಲ ಬದಲಾದರೆ ಲೆಕ್ಕವೇ ಬದಲಾಗುತ್ತದೆ.

ಮೂರನೆಯದು ಇನ್ನೂ ಆಳವಾದದ್ದು. ಇಲ್ಲಿ ನಮ್ಮ ಜೇಕಿನ ಹೋಲಿಕೆಯೇ ಸೋಲುತ್ತದೆ. ಹೊಲದಲ್ಲಿ ಜೇಕಿನ ಎಲೆ ಮತ್ತೆ ಗೆಡ್ಡೆಯಾಗುವುದಿಲ್ಲ. ಕ್ಯಾನ್ಸರ್‌ನಲ್ಲಿ ಆಗುತ್ತದೆ. 2017ರಲ್ಲಿ ಕೇಯೊದ ತೊಶಿರೊ ಸಾತೊ ಅವರ ತಂಡ, ಮನುಷ್ಯರ ದೊಡ್ಡಕರುಳಿನ ಕ್ಯಾನ್ಸರ್ ಅನ್ನು ಇಲಿಯಲ್ಲಿ ಬೆಳೆಸಿ, ಅದರಲ್ಲಿನ ಎಲ್‌ಜಿಆರ್5 ಜೀವಕೋಶಗಳನ್ನು ಮಾತ್ರ ಆರಿಸಿ ಕೊಂದಿತು. ಟ್ಯೂಮರ್ ಕುಗ್ಗಿತು. ಸ್ವಲ್ಪ ದಿನ ಬಿಟ್ಟು ನೋಡಿದರೆ ಮತ್ತೆ ಬೆಳೆದಿತ್ತು. ಎಲ್‌ಜಿಆರ್5 ಇಲ್ಲದ ಸಾಮಾನ್ಯ ಕ್ಯಾನ್ಸರ್ ಜೀವಕೋಶಗಳೇ ಹಿಂದಕ್ಕೆ ತಿರುಗಿ ಎಲ್‌ಜಿಆರ್5 ಜೀವಕೋಶಗಳಾಗಿದ್ದವು. ಅಂದರೆ ‘ಸ್ಟೆಮ್ ಸೆಲ್’ ಅನ್ನುವುದು ಒಂದು ಜಾತಿಯಲ್ಲ, ಒಂದು ಸ್ಥಿತಿ. ಇವತ್ತು ಶಾಲು ಇಲ್ಲದವನು ನಾಳೆ ಹಾಕಿಕೊಳ್ಳಬಹುದು. ನಿಮ್ಮ ತಂದೆಯವರ ಆಪರೇಷನ್ ದಿನ ತೆಗೆದ ತುಂಡಿನಲ್ಲಿ ಎಷ್ಟು ಸಿಡಿ44 ಇತ್ತು ಅಂತ ಎಣಿಸಿದರೆ, ಇವತ್ತಿನ ಬಗ್ಗೆ ಅದು ಹೇಳುವುದು ತುಂಬಾ ಕಡಿಮೆ.

ಇದೆಲ್ಲ ಪುಸ್ತಕದ ವಾದ ಅಂತ ಅನ್ನಿಸಬಹುದು. ಆದರೆ ರೋಗಿಗಳ ಮೇಲೂ ದೊಡ್ಡ ಪರೀಕ್ಷೆ ಆಗಿದೆ. ಕ್ಯಾನ್ಸರ್‌ನ ‘ಸ್ಟೆಮ್’ ಗುಣವನ್ನೇ ಹೊಡೆಯಲು ಅಂತ ತಯಾರಾದ ನಾಪಾಬುಕಾಸಿನ್ ಅನ್ನುವ ಔಷಧಿಯನ್ನು ‘ಬ್ರೈಟರ್’ ಹೆಸರಿನ ಪ್ರಯೋಗದಲ್ಲಿ ಕೀಮೋ ಜೊತೆ ಕೊಟ್ಟರು. ಜಠರದ ಕ್ಯಾನ್ಸರ್ ಮುಂದುವರಿದ 714 ಜನ ಅದರಲ್ಲಿದ್ದರು. ಅರ್ಧದಷ್ಟು ಜನಕ್ಕೆ ಔಷಧಿ, ಉಳಿದವರಿಗೆ ಔಷಧಿಯಂತೆ ಕಾಣುವ ಖಾಲಿ ಮಾತ್ರೆ. ಔಷಧಿ ಪಡೆದವರಲ್ಲಿ ಅರ್ಧದಷ್ಟು ಜನ ಸುಮಾರು 6.9 ತಿಂಗಳು ದಾಟಿ ಬದುಕಿದರು, ಪಡೆಯದವರಲ್ಲಿ ಅರ್ಧದಷ್ಟು ಜನ 7.4 ತಿಂಗಳು ದಾಟಿ. ಏನೂ ಲಾಭ ಆಗಲಿಲ್ಲ. ಆ ಸಂಖ್ಯೆ ನೋಡಿದ ದಿನ ನನಗೆ ನಿಜವಾಗಿ ಬೇಸರವಾಯಿತು. 714 ಮನೆಗಳು ನಿಮ್ಮ ಮನೆಯ ಹಾಗೇ ಆಸೆ ಇಟ್ಟುಕೊಂಡಿದ್ದವು. ಇವತ್ತಿಗೂ ಜಠರದ ಕ್ಯಾನ್ಸರ್‌ನಲ್ಲಿ ಸ್ಟೆಮ್ ಸೆಲ್ ಮಾರ್ಕರ್ ನೋಡಿ ಕೊಡುವ, ಒಪ್ಪಿಗೆ ಪಡೆದ ಔಷಧಿ ಇಲ್ಲ. ಎಷ್ಟು ಕಂದು ಕಂಡರೆ ‘ಪಾಸಿಟಿವ್’ ಅನ್ನಬೇಕು ಅನ್ನುವುದರಲ್ಲೂ ಒಮ್ಮತ ಇಲ್ಲ. ಅದಕ್ಕೇ ಶುರುವಿನಲ್ಲೇ ಬೇಡ ಅಂದೆ.

ಹಾಗಂತ ಮಾರ್ಕರ್‌ಗಳೆಲ್ಲ ಸುಮ್ನೆ ಅಂದುಕೊಳ್ಳಬೇಡಿ. ಚಿಕಿತ್ಸೆಯನ್ನು ನಿಜವಾಗಿ ಬದಲಿಸುವ ಕೆಲವು ಇವೆ, ಅವು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ಮೊದಲನೆಯದು ಎಂಎಸ್ಐ, ಕೆಲವು ಕಡೆ ರಿಪೋರ್ಟಿನಲ್ಲಿ ಎಂಎಂಆರ್ ಅಂತ ಬರೆಯುತ್ತಾರೆ. ಡಿಎನ್‌ಎ ತಪ್ಪುಗಳನ್ನು ರಿಪೇರಿ ಮಾಡುವ ವ್ಯವಸ್ಥೆ ಕೆಟ್ಟಿದೆಯಾ ಅಂತ ಹೇಳುವ ಪರೀಕ್ಷೆ. ಕೆಟ್ಟಿದ್ದರೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ, ಚೆನ್ನಾಗಿ ಕೆಲಸ ಮಾಡುತ್ತದೆ. ಆಪರೇಷನ್ ಆದವರಲ್ಲೂ ಇದನ್ನು ತಿಳಿದಿರುವುದು ಒಳ್ಳೆಯದು. ಹರ್2, ಪಿಡಿ-ಎಲ್1, ಕ್ಲಾಡಿನ್ 18.2 ಅನ್ನುವ ಪ್ರೋಟೀನ್‌ಗಳು ಇವೆಯಾ ಅಂತ ನೋಡುವುದು, ಇವು ಮುಖ್ಯವಾಗಿ ರೋಗ ಹರಡಿದಾಗ ಅಥವಾ ಮರಳಿ ಬಂದಾಗ ಬೇಕಾಗುವ ಪರೀಕ್ಷೆಗಳು. ಹರ್2 ಇರುವವರಿಗೆ ಟ್ರಾಸ್ಟುಜುಮ್ಯಾಬ್ ಅನ್ನುವ ಔಷಧಿ ಕೊಟ್ಟರೆ ಲಾಭ ಇದೆ ಅಂತ 2010ರಲ್ಲೇ ಸಾಬೀತಾಯಿತು. ಕ್ಲಾಡಿನ್ 18.2 ಅನ್ನು ಗುರಿಯಾಗಿಸಿದ ಜೋಲ್ಬೆಟುಕ್ಸಿಮ್ಯಾಬ್ ಅನ್ನುವ ಔಷಧಿಗೆ ಜಪಾನ್, ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಕ್ಲಾಡಿನ್ ಕೂಡ ಆರೋಗ್ಯವಂತ ಜಠರದಲ್ಲಿ ಇರುವ ಪ್ರೋಟೀನೇ. ಆದರೆ ಅಲ್ಲಿ ಜೀವಕೋಶಗಳ ಸಂದಿಯಲ್ಲಿ ಅಡಗಿರುತ್ತದೆ, ಕ್ಯಾನ್ಸರ್ ಆದಾಗ ಹೊರಗೆ ಬಯಲಾಗುತ್ತದೆ. ಹಾಗಾಗಿ ಔಷಧಿಗೆ ಅದು ಸುಲಭವಾಗಿ ಸಿಗುತ್ತದೆ. ವಾಂತಿ ಜಾಸ್ತಿ ಅನ್ನುವುದು ಅದರ ಕಷ್ಟ.

ಸ್ಟೆಮ್ ಸೆಲ್ ಚಿಕಿತ್ಸೆ ಬಗ್ಗೆ ಎರಡೇ ಮಾತು. ಇಲ್ಲಿ ಕ್ಯಾನ್ಸರ್ ಸ್ಟೆಮ್ ಸೆಲ್ ಅಂದರೆ ಕೊಲ್ಲಬೇಕಾದ ಜೀವಕೋಶ. ಆ ಚಿಕಿತ್ಸೆಯವರು ಮಾರುತ್ತಿರುವುದು ಮೈಗೆ ಹಾಕುವ ಜೀವಕೋಶ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ರೋಗಗಳಲ್ಲಿ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗದ ಹಂತದ್ದು. ದುಡ್ಡು ತೆಗೆದುಕೊಂಡು ಚಿಕಿತ್ಸೆ ಅಂತ ಕೊಡುವ ಹಾಗಿಲ್ಲ. ಜಠರದ ಕ್ಯಾನ್ಸರ್‌ಗೆ ಅದು ಚಿಕಿತ್ಸೆಯೇ ಅಲ್ಲ.

ಇನ್ನು ನೀವು, ನಿಮ್ಮ ತಮ್ಮ. ನಾನು ತುಂಬಾ ಒತ್ತಿ ಹೇಳಬೇಕೆಂದಿರುವುದು ಇಲ್ಲೇ. ಗೆಡ್ಡೆ ಆದ ಮೇಲೆ ಅದರ ಹಿಂದೆ ಓಡುವುದಕ್ಕಿಂತ ಗೆಡ್ಡೆ ಆಗುವ ಮೊದಲು ತಡೆಯುವುದಕ್ಕೆ ನಮ್ಮ ಹತ್ತಿರ ಗಟ್ಟಿ ಪುರಾವೆ ಇದೆ. ದಕ್ಷಿಣ ಕೊರಿಯಾದಲ್ಲಿ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ ಇವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದು, ತಮಗೆ ಪೈಲೋರಿ ಸೋಂಕು ಇದ್ದವರನ್ನು ಆರಿಸಿ, ಅರ್ಧ ಜನಕ್ಕೆ ಆಂಟಿಬಯಾಟಿಕ್ ಕೊಟ್ಟರು, ಅರ್ಧ ಜನಕ್ಕೆ ಖಾಲಿ ಮಾತ್ರೆ. ಸುಮಾರು 9 ವರ್ಷ ಕಾದರು. 2020ರಲ್ಲಿ ಬಂದ ಫಲಿತಾಂಶ: ಔಷಧಿ ಪಡೆದ 832 ಜನರಲ್ಲಿ 10 ಜನಕ್ಕೆ ಕ್ಯಾನ್ಸರ್, ಪಡೆಯದ 844 ಜನರಲ್ಲಿ 23 ಜನಕ್ಕೆ. ಅರ್ಧಕ್ಕಿಂತ ಕಡಿಮೆ, ಅಲ್ವಾ? ಒಂದೆರಡು ವಾರದ ಮಾತ್ರೆಗೆ ಇಷ್ಟು ಫಲ ಸಿಗುವುದು ಕ್ಯಾನ್ಸರ್ ಲೋಕದಲ್ಲಿ ಅಪರೂಪ.

ಆದ್ದರಿಂದ ನೀವಿಬ್ಬರೂ ಗ್ಯಾಸ್ಟ್ರೋ ಡಾಕ್ಟರನ್ನು ಕಂಡು ಪೈಲೋರಿ ಪರೀಕ್ಷೆ ಮಾಡಿಸಿಕೊಳ್ಳಿ. ತಂದೆಯವರ ಅಣ್ಣತಮ್ಮ, ಅಕ್ಕತಂಗಿಯರಿಗೂ ಹೇಳಿ. ಊದುವ ಪರೀಕ್ಷೆ ಅಥವಾ ಮಲದ ಪರೀಕ್ಷೆ ಆಗಲಿ. ಬರೀ ರಕ್ತದ ಪರೀಕ್ಷೆ ಸಾಲದು, ಹಳೆಯ ಸೋಂಕು ಹೋದ ಮೇಲೂ ಅದು ಪಾಸಿಟಿವ್ ತೋರಿಸುತ್ತದೆ. ದಿನಾ ಗ್ಯಾಸ್ ಮಾತ್ರೆ, ಅಂದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ್ದು ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು. ಆಂಟಿಬಯಾಟಿಕ್ ತಗೊಂಡಿದ್ದರೆ ನಾಲ್ಕು ವಾರ ಬಿಡಬೇಕು. ಇಲ್ಲದಿದ್ದರೆ ಸೋಂಕು ಇದ್ದರೂ ಇಲ್ಲ ಅಂತ ಬರಬಹುದು. ಸೋಂಕು ಸಿಕ್ಕರೆ ಕೋರ್ಸ್ ಪೂರ್ತಿ ಮುಗಿಸಿ, ಒಂದು ತಿಂಗಳ ಮೇಲೆ ಹೋಗಿದೆಯಾ ಅಂತ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಎಂಡೋಸ್ಕೋಪಿ ಬೇಕಾ ಅನ್ನುವುದನ್ನು ನಿಮ್ಮ ವಯಸ್ಸು, ಲಕ್ಷಣ ನೋಡಿ ಅವರೇ ಹೇಳುತ್ತಾರೆ. ತಂದೆಯವರ ರಿಪೋರ್ಟಿನಲ್ಲಿ ‘ಡಿಫ್ಯೂಸ್’ ಅಥವಾ ‘ಸಿಗ್ನೆಟ್ ರಿಂಗ್’ ಅನ್ನುವ ಪದ ಇದ್ದು, ಮನೆಯಲ್ಲಿ ಇನ್ನೊಬ್ಬರಿಗೂ ಜಠರದ ಕ್ಯಾನ್ಸರ್ ಆಗಿದ್ದರೆ, ವಂಶದಲ್ಲಿ ಜಠರದ ಕ್ಯಾನ್ಸರ್ ತರಬಲ್ಲ ಸಿಡಿಎಚ್1 ಜೀನ್ ಬಗ್ಗೆ ಜೆನೆಟಿಕ್ ಸಲಹೆಗಾರರನ್ನು ಕೇಳಲೇಬೇಕು.

ತಂದೆಯವರ ಮುಂದಿನ ಕೀಮೋಗೆ ಹೋದಾಗ ಒಂದು ಕೆಲಸ ಮಾಡಿ. ಮೊದಲ ಎಂಡೋಸ್ಕೋಪಿಯಲ್ಲಿ ತೆಗೆದ ಬಯಾಪ್ಸಿಯ ಮೇಣದ ಬ್ಲಾಕ್ (ತೆಗೆದ ತುಂಡನ್ನು ಕಾಪಾಡಿಡುವ ಮೇಣದ ಗಟ್ಟಿ) ಮತ್ತು ಆಪರೇಷನ್‌ನ ಬ್ಲಾಕ್ ಎರಡೂ ಎಲ್ಲಿವೆ ಅಂತ ಪೆಥಾಲಜಿ ವಿಭಾಗದಲ್ಲಿ ಕೇಳಿ, ಬ್ಲಾಕ್ ನಂಬರ್ ಬರೆದುಕೊಳ್ಳಿ. ಎಂಎಂಆರ್ ಮಾಡಿದ್ದಾರಾ ಅಂತ ರಿಪೋರ್ಟಿನಲ್ಲಿ ನೋಡಿ. ಇಲ್ಲದಿದ್ದರೆ ಅದೇ ಬ್ಲಾಕಿನಲ್ಲಿ ಮಾಡಿಸಬಹುದು, ಹೊಸದಾಗಿ ಚುಚ್ಚುವುದು ಬೇಡ.